ಕ್ಯಾಲೆಂಡರ್ ಒಂದು ಹೇಳುತ್ತೆ, ನೋಟ್‌ಬುಕ್ ಇನ್ನೊಂದು: 22 ಕುಂಡಗಳ ನೀರಿನ ಲೆಕ್ಕ ಕೂಡುತ್ತಿಲ್ಲ

ಕುಂಡಸಾಲು (ಪ್ರಶ್ನೆ)

ಮನೆಯೊಳಗಿನ ಗಿಡಗಳು, ಒಟ್ಟು 22 ಕುಂಡ. ಫೋನಿನ ಕ್ಯಾಲೆಂಡರ್‌ನಲ್ಲಿ 7 ದಿನಕ್ಕೊಮ್ಮೆ "ನೀರು" ಅಂತ ರಿಮೈಂಡರ್ ಇದೆ. ನೀರು ಹಾಕಿದ ದಿನ ನೋಟ್‌ಬುಕ್‌ನಲ್ಲಿ ತಾರೀಖು ಬರೆದು, ಆಮೇಲೆ ಸ್ಪ್ರೆಡ್‌ಶೀಟ್‌ಗೆ ಏರಿಸುವುದು ಕ್ರಮ. ತೊಂದರೆಗಳು ಇವು:

1. ಸ್ನೇಕ್ ಪ್ಲಾಂಟ್ ಎಲೆಗಳು ಬುಡದಲ್ಲಿ ಹಳದಿಯಾಗಿ ಮೆತ್ತಗಾಗಿವೆ. ಅದೇ ಸಾಲಿನ ಪೀಸ್ ಲಿಲಿ ಮಾತ್ರ ವಾರ ತುಂಬುವ ಮೊದಲೇ ಜೋತುಬೀಳುತ್ತೆ.
2. ಎರಡು ದಿನ ತಡವಾಗಿ ನೀರು ಹಾಕಿದರೂ ಮುಂದಿನ ರಿಮೈಂಡರ್ ಹಳೇ ದಿನಕ್ಕೇ ಬರುತ್ತೆ.
3. ಶೀಟ್‌ನಲ್ಲಿ ಇವತ್ತಿನ ತಾರೀಖಿನಿಂದ ಕೊನೆಯ ನೀರಿನ ತಾರೀಖು ಕಳೆದರೆ ಕೆಲವು ಸಾಲುಗಳಲ್ಲಿ 1900ರ ಜನವರಿ ಅಂತ ಬರುತ್ತೆ, ಕೆಲವದರಲ್ಲಿ ಎರರ್.
4. ಲೇಬಲ್ ಮೇಲಿನ ಮಾರ್ಕರ್ ಬರಹ ಮಾಸಿಹೋಗಿದೆ.

ಬೇರುಮಣ್ಣು

ಲೆಕ್ಕ ಆಮೇಲೆ, ಮೊದಲು ಸ್ನೇಕ್ ಪ್ಲಾಂಟನ್ನು ಕುಂಡದಿಂದ ಹೊರತೆಗೆದು ಬೇರು ನೋಡಿ. ಗಟ್ಟಿಯಾಗಿರುವುದು ಒಳ್ಳೇ ಬೇರು. ಕಂದಾಗಿ, ಹಿಡಿದೆಳೆದರೆ ಮೇಲಿನ ಸಿಪ್ಪೆ ಕೈಗೆ ಬಂದು ಒಳಗಿನ ನಾರು ಮಾತ್ರ ಉಳಿದರೆ ಅದು ಕೊಳೆತದ್ದು. ಕೊಳೆತ ಬೇರು, ಮೆತ್ತಗಾದ ಎಲೆ ಎರಡನ್ನೂ ಶುಚಿ ಮಾಡಿದ ಕತ್ತರಿಯಿಂದ ಕತ್ತರಿಸಿ, ಗಾಯ ಒಣಗಲು ಬಿಟ್ಟು, ನೀರು ಬೇಗ ಬಸಿಯುವ ಒಣ ಮಿಶ್ರಣದಲ್ಲಿ ನೆಡಿ. ಒಂದು ವಾರ ನೀರು ಬೇಡ.

ಈಗ ಮೂಲ ತಪ್ಪಿಗೆ ಬರೋಣ. ನಿಮ್ಮ ರಿಮೈಂಡರ್‌ನಲ್ಲಿ "ನೀರು" ಅನ್ನುವ ಪದವೇ ತಪ್ಪು, ಅಲ್ಲಿ "ನೋಡು" ಅಂತ ಇರಬೇಕು. ಮಣ್ಣು ಎಷ್ಟು ದಿನಕ್ಕೆ ಒಣಗುತ್ತೆ ಅನ್ನುವುದು ಬೆಳಕು, ಸೆಕೆ, ಕುಂಡದ ಗಾತ್ರ, ಬೇರಿನ ದಟ್ಟಣೆಯ ಮೇಲೆ ನಿಂತಿದೆ. 22 ಕುಂಡಕ್ಕೂ 7 ದಿನ ಅಂದರೆ ಕೆಲವು ಮುಳುಗುತ್ತವೆ, ಕೆಲವು ಒಣಗುತ್ತವೆ. ನಿಮ್ಮಲ್ಲಿ ಆಗಿರುವುದೂ ಅದೇ.

ನೋಟ್‌ಬುಕ್‌ನಲ್ಲಿ ಎರಡು ಗುರುತು ಸಾಕು: ಮಣ್ಣು ನೋಡಿ ಬಿಟ್ಟರೆ ಚುಕ್ಕೆ, ನೀರು ಹಾಕಿದರೆ ಸೊನ್ನೆ. ಎಡಕ್ಕೆ ಕುಂಡದ ನಂಬರ್, ಮೇಲೆ 1ರಿಂದ 31ರವರೆಗೆ ತಾರೀಖು, ತಿಂಗಳಿಗೊಂದು ಪುಟ. ಸ್ನೇಕ್ ಪ್ಲಾಂಟ್ ಸಾಲಿನಲ್ಲಿ ಚುಕ್ಕೆ, ಚುಕ್ಕೆ, ಚುಕ್ಕೆ, ಸೊನ್ನೆ ಅಂತ ಬರುತ್ತೆ. ಪೀಸ್ ಲಿಲಿಯಲ್ಲಿ ಚುಕ್ಕೆ, ಸೊನ್ನೆ, ಚುಕ್ಕೆ, ಸೊನ್ನೆ. ಎರಡು ಸೊನ್ನೆಗಳ ನಡುವಿನ ಅಂತರವೇ ಆ ಗಿಡದ ನಿಜವಾದ ಅವಧಿ. ಚುಕ್ಕೆ ಇಲ್ಲದೆ ಬರೀ ನೀರಿನ ತಾರೀಖು ಬರೆದರೆ, ಖಾಲಿ ಚೌಕ ನೋಡಿದಾಗ "ಒದ್ದೆ ಇತ್ತು, ಬಿಟ್ಟೆ" ಅಂತಲೋ "ಮರೆತೆ" ಅಂತಲೋ ಗೊತ್ತಾಗುವುದಿಲ್ಲ.

"ನೋಡುವುದು" ಅಂದರೆ ಬೆರಳನ್ನು 4–5 ಸೆಂ.ಮೀ. ಇಳಿಸುವುದು. ಅದಕ್ಕಿಂತ ನಂಬಿಕಸ್ಥ ವಿಧಾನ ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ನೀರು ಹಾಕಿ, ಅರ್ಧ ಗಂಟೆ ಬಸಿಯಲು ಬಿಟ್ಟು ತೂಗಿ. ಉದಾಹರಣೆಗೆ ಪೀಸ್ ಲಿಲಿ ಆಗ 1,640 ಗ್ರಾಂ, ಎಲೆ ಜೋತ ದಿನ 1,190 ಗ್ರಾಂ ಅಂದುಕೊಳ್ಳಿ. ಒಂದು ಮಿಲಿ ನೀರು ಒಂದು ಗ್ರಾಂ, ಹಾಗಾಗಿ ಖರ್ಚಾದದ್ದು ಸುಮಾರು 450 ಮಿಲಿ. ಜೋಲುವ ತನಕ ಕಾಯದೆ 1,280ಕ್ಕೆ ನೀರು ಅಂತ ಲೇಬಲ್ ಮೇಲೆ ಬರೆದಿಡಿ. ಗಿಡ ಬೆಳೆದಂತೆ ಅದರ ತೂಕವೂ ಸೇರುತ್ತೆ, ಕುಂಡ ಬದಲಿಸಿದರಂತೂ ಹಳೇ ಅಂಕಿ ಪೂರ್ತಿ ಸುಳ್ಳು. 3 ತಿಂಗಳಿಗೊಮ್ಮೆ ಮತ್ತೆ ತೂಗಿ.

ಸಾಲುಕಾಲಂ

ಶೀಟ್ ವಿಚಾರ. 1900ರ ಜನವರಿ ಬರುತ್ತಿರುವ ಸಾಲುಗಳಲ್ಲಿ ಲೆಕ್ಕ ಸರಿಯಾಗೇ ಇದೆ, ಆ ಸೆಲ್‌ಗೆ ತಾರೀಖಿನ ಫಾರ್ಮ್ಯಾಟ್ ಅಂಟಿಕೊಂಡಿದೆ ಅಷ್ಟೆ. ಶೀಟ್ ತಾರೀಖನ್ನು 1900ರ ಆರಂಭದ ಆಸುಪಾಸಿನಿಂದ ಎಣಿಸಿದ ದಿನಗಳಾಗಿ ಇಡುತ್ತೆ, ಹಾಗಾಗಿ ಸಣ್ಣ ಅಂಕಿ 1900ರ ಜನವರಿಯಾಗಿ ಕಾಣುತ್ತೆ. ನಂಬರ್ ಅಂತ ಬದಲಿಸಿ, 6 ಅಥವಾ 9 ಕಾಣಿಸುತ್ತೆ.

ಎರರ್ ಬೇರೆ ಕಥೆ. ಶೀಟ್‌ನ ಲೊಕೇಲ್ (ಯಾವ ದೇಶದ ಕ್ರಮದಲ್ಲಿ ತಾರೀಖು ಓದಬೇಕು ಅನ್ನುವ ಸೆಟ್ಟಿಂಗ್) ತಿಂಗಳನ್ನು ಮೊದಲು ಓದುವಂತಿದ್ದರೆ 13/05 ಅದಕ್ಕೆ ತಾರೀಖೇ ಅಲ್ಲ. ಪಠ್ಯವಾಗಿ ಸೆಲ್‌ನ ಎಡಕ್ಕೆ ಅಂಟಿಕೊಳ್ಳುತ್ತೆ, ಕಳೆಯಲು ಹೋದರೆ ಎರರ್. ಇದಾದರೂ ಕಣ್ಣಿಗೆ ಬೀಳುತ್ತೆ. 12/05 ಸದ್ದಿಲ್ಲದೆ ಡಿಸೆಂಬರ್ 5 ಆಗಿ ಕೂತಿರುತ್ತೆ, ಅದೇ ಅಪಾಯ. ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಬದಲಿಸಿ, ಆದರೆ ಈಗಾಗಲೇ ತಪ್ಪಾಗಿ ಕೂತ ತಾರೀಖು ಅದರಿಂದ ಸರಿಹೋಗುವುದಿಲ್ಲ. ಅವನ್ನು ಕೈಯಾರೆ ತಿದ್ದಬೇಕು. ಮುಂದೆ 2025-05-12 ರೀತಿ, ವರ್ಷ ಮೊದಲು ಬರುವಂತೆ ಬರೆದರೆ ಗೊಂದಲವಿಲ್ಲ. ಇವತ್ತಿನ ತಾರೀಖಿಗೆ ಕಂಟ್ರೋಲ್ ಜೊತೆ ಸೆಮಿಕೋಲನ್ ಒತ್ತಿ. ನೀರು ಹಾಕಿದ ದಿನ ದಾಖಲಿಸುವಲ್ಲಿ ಟುಡೇ ಫಂಕ್ಷನ್ ಹಾಕಬೇಡಿ, ಅದು ದಿನಾ ಬದಲಾಗುತ್ತೆ; ನಾಳೆ ತೆರೆದರೆ ಎಲ್ಲ ಗಿಡಕ್ಕೂ ನಾಳೆಯೇ ನೀರು ಹಾಕಿದಂತೆ ತೋರುತ್ತೆ.

ಇನ್ನೊಂದು, ಗಿಡಕ್ಕೊಂದು ಸಾಲು ಇಟ್ಟು ಅದೇ ತಾರೀಖನ್ನು ಅಳಿಸಿ ಬರೆಯಬೇಡಿ, ಇತಿಹಾಸ ಹೋಗುತ್ತೆ. ಒಂದು ಕೆಲಸಕ್ಕೆ ಒಂದು ಸಾಲು: ತಾರೀಖು, ಕುಂಡದ ನಂಬರ್, ಕೆಲಸ, ತೂಕ. ಬೇರೆ ಹಾಳೆಯಲ್ಲಿ ಮ್ಯಾಕ್ಸ್‌ಇಫ್ಸ್ (ಷರತ್ತಿಗೆ ಹೊಂದುವ ಸಾಲುಗಳಲ್ಲಿ ದೊಡ್ಡ ಅಂಕಿ ಹುಡುಕುವ ಫಂಕ್ಷನ್) ಬಳಸಿ ಪ್ರತಿ ಕುಂಡದ ಕೊನೆಯ "ನೀರು" ತಾರೀಖು ತೆಗೆದು, ಅದನ್ನು ಇವತ್ತಿನ ತಾರೀಖಿನಿಂದ ಕಳೆಯಿರಿ. ಯಾವುದಾದರೂ ಕುಂಡಕ್ಕೆ 45 ಸಾವಿರ ದಿನಕ್ಕಿಂತ ಹೆಚ್ಚು ಅಂತ ಬಂದರೆ ಗಾಬರಿ ಬೇಡ. ಆ ನಂಬರಿಗೆ ನೀರಿನ ದಾಖಲೆ ಒಂದೂ ಸಿಕ್ಕಿಲ್ಲ, ಫಂಕ್ಷನ್ ಸೊನ್ನೆ ಕೊಟ್ಟಿದೆ, ಲೆಕ್ಕ 1900ರ ಆಸುಪಾಸಿನಿಂದಲೇ ಆಗಿದೆ ಅಂತ ಅರ್ಥ.

ರಿಮೈಂಡರ್‌ಗೆ ಕ್ಯಾಲೆಂಡರ್ ಒಗ್ಗುವುದಿಲ್ಲ, ಅದು ನಿಗದಿತ ದಿನಕ್ಕೇ ಮರಳುತ್ತೆ. ಮುಗಿಸಿದ ದಿನದಿಂದ ಎಣಿಸುವ ಆ್ಯಪ್ ಬೇಕು. ಟುಡುಯಿಸ್ಟ್‌ನಲ್ಲಾದರೆ "ಎವ್ರಿ" ಪದಕ್ಕೆ ಆಶ್ಚರ್ಯಸೂಚಕ ಚಿಹ್ನೆ ಅಂಟಿಸಿ ದಿನ ಬರೆದರೆ ಹಾಗೆ ಎಣಿಸುತ್ತೆ.

ಎಲೆಬುಡ

ಲೇಬಲ್: ಬಿಸಿಲಿಗೆ ಮಾರ್ಕರ್ ಶಾಯಿ ಮಾಸುತ್ತೆ, ಪೆನ್ಸಿಲ್ ಗ್ರಾಫೈಟ್ ಮಾಸುವುದಿಲ್ಲ. ನುಣುಪಿಲ್ಲದ ಪ್ಲಾಸ್ಟಿಕ್ ಪಟ್ಟಿ ಮೇಲೆ 2ಬಿ ಪೆನ್ಸಿಲ್. ಹೆಸರಿನ ಬದಲು ನಂಬರ್ ಇರಲಿ. "ಕಿಟಕಿ ಪಕ್ಕದ ಮನಿ ಪ್ಲಾಂಟ್" ಅಂತ ಬರೆದರೆ ಕುಂಡ ಸರಿಸಿದ ದಿನವೇ ದಾಖಲೆ ಕೆಟ್ಟಿತು.

ಕುಂಡಸಾಲು

ಲೊಕೇಲ್‌ದೇ ತಪ್ಪು, ಸರಿಹೋಯಿತು. ಇನ್ನೆರಡು ಪ್ರಶ್ನೆ. ಮಣ್ಣಿಗೆ ಚುಚ್ಚುವ ತೇವ ಮೀಟರ್, ತೊಗಟೆ ಚೂರು ಹೆಚ್ಚಿರುವ ಮಿಶ್ರಣದಲ್ಲಿ ನೀರು ಹಾಕಿದ ಮರುದಿನವೂ "ಒಣ" ಅನ್ನುತ್ತೆ, ಅದನ್ನು ಬರೆದಿಡಬೇಕಾ? ಗಿಡದ ಆ್ಯಪ್‌ನಿಂದ ತೆಗೆದ ಸಿಎಸ್‌ವಿ ಫೈಲ್ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಟಿಪ್ಪಣಿಗಳೆಲ್ಲ ಚಿತ್ರವಿಚಿತ್ರ ಅಕ್ಷರ, ಅದಕ್ಕೇನು?

ಬೇರುಮಣ್ಣು

ಬರೆಯಬೇಡಿ. ಆ ಅಗ್ಗದ ಮೀಟರ್‌ಗಳು ನೀರನ್ನು ನೇರವಾಗಿ ಅಳೆಯುವುದಿಲ್ಲ, ವಿದ್ಯುತ್ ಹರಿಯುವ ಪ್ರಮಾಣ ನೋಡುತ್ತವೆ. ಚೂರುಗಳ ನಡುವೆ ಗಾಳಿ ಇದ್ದರೆ "ಒಣ", ಗೊಬ್ಬರದ ಲವಣ ಹೆಚ್ಚಿದ್ದರೆ "ಒದ್ದೆ". ಅಂಥ ಕುಂಡಕ್ಕೆ ತೂಕವೇ ಸರಿ.

ಸಾಲುಕಾಲಂ

ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ಖಾಲಿ ಶೀಟ್ ತೆರೆದು, ಡೇಟಾ ಟ್ಯಾಬ್‌ನಲ್ಲಿ ಟೆಕ್ಸ್ಟ್ ಅಥವಾ ಸಿಎಸ್‌ವಿಯಿಂದ ತರುವ ಆಯ್ಕೆ ಒತ್ತಿ, ಫೈಲ್‌ನ ಮೂಲ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲ್‌ನಲ್ಲಿ ಉಳಿಸುವ ಸಂಕೇತ ಪದ್ಧತಿ) ಜಾಗದಲ್ಲಿ 65001, ಅಂದರೆ ಯುಟಿಎಫ್-8 ಆರಿಸಿ. ಕನ್ನಡ ಸರಿಯಾಗಿ ಬರುತ್ತೆ. ಕೆಟ್ಟ ಅಕ್ಷರ ಕಂಡಾಗ ಹಾಗೇ ಸೇವ್ ಮಾಡಿದ್ದರೆ ಆ ಫೈಲ್ ಬಿಟ್ಟು ಆ್ಯಪ್‌ನಿಂದ ಹೊಸದಾಗಿ ತೆಗೆಯಿರಿ.