ಸೋಲ್ ಫುಡ್ ಬೆಳಗಿನ ತಿಂಡಿ: ಸಪ್ಪೆ ಗ್ರಿಟ್ಸ್, ಸೊಪ್ಪಿನೊಳಗೆ ಹಂದಿಮಾಂಸ. ಮತ್ತೆ ಹೋದರೆ ಏನು ತರಿಸಿಕೊಳ್ಳಬೇಕು?

ಪ್ರಶ್ನೆ

ಕಳೆದ ಶನಿವಾರ ಅಟ್ಲಾಂಟಾದಲ್ಲಿ, ಬೆಳಗಿನ ತಿಂಡಿಗೆ ಬಹಳ ಹೆಸರಾದ ಒಂದು ಸೋಲ್ ಫುಡ್ (ಅಮೆರಿಕದ ದಕ್ಷಿಣದ ಕರಿಯರ ಸಾಂಪ್ರದಾಯಿಕ ಅಡುಗೆ) ರೆಸ್ಟೋರೆಂಟಿಗೆ ಗೆಳತಿಯೊಬ್ಬಳ ಜೊತೆ ಹೋಗಿದ್ದೆ. ಆಕೆ ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಹುಟ್ಟಿ ಬೆಳೆದವಳು. ನನಗೆ ಈ ಅಡುಗೆ ಹೊಸದು. ಒಂಬತ್ತಕ್ಕೆ ಹೆಸರು ಬರೆಸಿದ ನಮಗೆ ಮೇಜು ಸಿಕ್ಕಿದ್ದು ಹತ್ತೂಕಾಲಿಗೆ. ಆಕೆ ಸಾಲ್ಮನ್ ಕ್ರೊಕೆಟ್ (ಮೀನಿನ ಕರಿದ ಕಟ್ಲೆಟ್) ಮತ್ತು ಗ್ರಿಟ್ಸ್ (ಬೇಯಿಸಿದ ಮೆಕ್ಕೆಜೋಳದ ನುಚ್ಚು) ತರಿಸಿಕೊಂಡಳು. ನಾನು ಕರಿದ ಕೋಳಿ ಮತ್ತು ವಾಫಲ್ (ಚೌಕುಳಿ ಅಚ್ಚಿನಲ್ಲಿ ಬೇಯಿಸಿದ, ದಪ್ಪ ದೋಸೆಯಂಥ ತಿಂಡಿ), ಜೊತೆಗೆ ಗ್ರಿಟ್ಸ್ ಹಾಗೂ ಕಾಲರ್ಡ್ ಸೊಪ್ಪು ಹೇಳಿದೆ.

ಕೋಳಿಯ ವಿಷಯದಲ್ಲಿ ದೂರಿಲ್ಲ. ಆದರೆ ಗ್ರಿಟ್ಸ್ ತೀರಾ ಸಪ್ಪೆಯಾಗಿತ್ತು; ಗಂಜಿಯಂತೆ ಕಂಡದ್ದರಿಂದ ಸಕ್ಕರೆ ಬೆರೆಸಿದೆ, ಗೆಳತಿ ಚಮಚವನ್ನು ಕೆಳಗಿಟ್ಟು ನನ್ನನ್ನೇ ನೋಡುತ್ತಾ ಕುಳಿತಳು. ಸೊಪ್ಪನ್ನು ಮುಕ್ಕಾಲು ಪಾಲು ತಿಂದ ಮೇಲೆ ತಳದಲ್ಲಿ ಹಂದಿಮಾಂಸದ ತುಣುಕು ಸಿಕ್ಕಿತು. ನಾನು ಕೋಳಿ, ಮೀನು ತಿನ್ನುತ್ತೇನೆ, ಹಂದಿಮಾಂಸ ತಿನ್ನುವುದಿಲ್ಲ. ಮೆನುವಿನಲ್ಲಿ ಅದನ್ನು ಬರೆದಿರಲಿಲ್ಲ, ನಾನೂ ಕೇಳಲಿಲ್ಲ. ಮತ್ತೊಮ್ಮೆ ಹೋಗುವ ಮನಸ್ಸಿದೆ. ಏನನ್ನು ವಿಚಾರಿಸಬೇಕು? ಗ್ರಿಟ್ಸ್ ಇರುವುದೇ ಹೀಗೆಯೇ? ಕೋಳಿಗೂ ವಾಫಲ್‌ಗೂ ಏನು ಸಂಬಂಧ?

ಮೊದಲ ಉತ್ತರ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಸೊಪ್ಪು ಎಂದ ಮಾತ್ರಕ್ಕೆ ಅದರಲ್ಲಿ ಮಾಂಸವಿಲ್ಲ ಎಂದು ಭಾವಿಸಬಾರದು. ಕಾಲರ್ಡ್ ದಪ್ಪ ಎಲೆಯ, ತುಸು ಕಹಿಯಾದ ಸೊಪ್ಪು. ಹೊಗೆಯಲ್ಲಿ ಹದಗೊಳಿಸಿದ ಹಂದಿಯ ಕಾಲಿನ ಗಂಟನ್ನು ಹಾಕಿ ಅದನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸುವುದು ರೂಢಿ. ಉಳಿಯುವ ರಸಕ್ಕೆ ಪಾಟ್‌ಲಿಕ್ಕರ್ ಎನ್ನುತ್ತಾರೆ, ಅದನ್ನು ಚೆಲ್ಲುವುದಿಲ್ಲ. ಗುಲಾಮಗಿರಿಯ ಕಾಲದಲ್ಲಿ ತೋಟದ ಮಾಲೀಕರು ಅಳೆದು ಕೊಡುತ್ತಿದ್ದುದು ಮುಖ್ಯವಾಗಿ ಮೆಕ್ಕೆಜೋಳದ ಹಿಟ್ಟು, ಉಪ್ಪು ಹಾಕಿದ ಹಂದಿಮಾಂಸ ಮತ್ತು ಕಾಕಂಬಿ. ಒಂದು ಚೂರು ಮಾಂಸದಿಂದ ಇಡೀ ಮಡಕೆಗೆ ರುಚಿ ತರಿಸುವ ಪದ್ಧತಿಯ ಹಿಂದೆ ಆ ಕೊರತೆಯಿದೆ.

ಈಗ ಅನೇಕ ಅಡುಗೆಮನೆಗಳಲ್ಲಿ ಹಂದಿಯ ಬದಲು ಹೊಗೆಯಾಡಿಸಿದ ಟರ್ಕಿ ಕೋಳಿಯನ್ನು ಹಾಕುತ್ತಾರೆ. ಆದ್ದರಿಂದ "ಸೊಪ್ಪಿಗೆ ಯಾವ ಮಾಂಸ ಹಾಕಿದ್ದೀರಿ?" ಎಂದು ನೇರವಾಗಿ ಕೇಳಿ, ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಬಿಸ್ಕೆಟ್ ಬಗ್ಗೆಯೂ ಕೇಳಿ. (ಇದು ಚಹಾದಲ್ಲಿ ಅದ್ದುವ ಬಿಸ್ಕೆಟ್ ಅಲ್ಲ, ಮಜ್ಜಿಗೆ ಹಾಕಿ ಕಲಸಿದ, ಪದರಪದರವಾಗಿ ಬಿಡಿಸಿಕೊಳ್ಳುವ ಮೆತ್ತನೆಯ ರೊಟ್ಟಿ.) ಅದಕ್ಕೆ ಕೆಲವರು ಬೆಣ್ಣೆ ಹಾಕಿದರೆ ಕೆಲವರು ಹಂದಿಯ ಕೊಬ್ಬು ಹಾಕುತ್ತಾರೆ. ಅದರ ಮೇಲೆ ಸುರಿಯುವ ಬಿಳಿಯ ಗ್ರೇವಿಯನ್ನು ಸಾಮಾನ್ಯವಾಗಿ ಹಂದಿಯ ಸಾಸೇಜ್ ಬಿಟ್ಟ ಕೊಬ್ಬಿನಲ್ಲೇ ಮಾಡುವುದರಿಂದ ಅದನ್ನು ಬಿಟ್ಟುಬಿಡುವುದು ಕ್ಷೇಮ.

ಎರಡನೆಯ ಉತ್ತರ

ಗ್ರಿಟ್ಸ್ ಸಪ್ಪೆಯಾಗಿರುವುದು ದೋಷವಲ್ಲ. ಅನ್ನವನ್ನು ಬರಿದೇ ತಿಂದು ಸಪ್ಪೆ ಎಂದರೆ ಹೇಗೋ ಹಾಗೆ. ಉಪ್ಪು, ಬೆಣ್ಣೆ, ಮೆಣಸಿನ ಪುಡಿ, ಹಾಟ್ ಸಾಸ್ ಇವುಗಳನ್ನು ತಿನ್ನುವವರೇ ಹಾಕಿಕೊಳ್ಳಬೇಕು. ನಿಮ್ಮ ಗೆಳತಿಯ ಕ್ರೊಕೆಟ್ ಖಾರವಾಗಿ, ಗರಿಗರಿಯಾಗಿ ಇದ್ದಿರಬೇಕು. ಅದರ ಪಕ್ಕದಲ್ಲಿ ಮೃದುವಾದದ್ದೊಂದು ಇರಲಿ ಎಂದೇ ಗ್ರಿಟ್ಸ್ ಇರುತ್ತದೆ. ಸಕ್ಕರೆ ಹಾಕಿದವರು ನೀವೊಬ್ಬರೇ ಅಲ್ಲ, ಸಕ್ಕರೆಯೋ ಉಪ್ಪೋ ಎಂಬ ವಾದ ಅಲ್ಲಿನ ಮನೆಮನೆಯಲ್ಲೂ ಇದೆ, ಅದರಲ್ಲಿ ನಾನು ಉಪ್ಪಿನ ಪಕ್ಷ.

ಮೆಕ್ಕೆಜೋಳವನ್ನು ಒಡೆದು ಬೇಯಿಸುವ ಈ ವಿದ್ಯೆಯನ್ನು ವಲಸಿಗರು ಕಲಿತದ್ದು ಮಸ್ಕೋಗಿ ಮೊದಲಾದ ಮೂಲನಿವಾಸಿಗಳಿಂದ. 2002ರಲ್ಲಿ ಜಾರ್ಜಿಯಾ ಗ್ರಿಟ್ಸನ್ನು ತನ್ನ ರಾಜ್ಯದ ಅಧಿಕೃತ ಸಿದ್ಧ ಆಹಾರವೆಂದು ಘೋಷಿಸಿತು. ರುಚಿಯ ವ್ಯತ್ಯಾಸ ನುಚ್ಚಿನಲ್ಲೇ ಇದೆ: ಐದು ನಿಮಿಷದಲ್ಲಿ ಬೇಯುವ ಬಗೆಯಲ್ಲಿ ಕಾಳಿನ ಮೊಳಕೆಯ ಭಾಗವನ್ನು ತೆಗೆದಿರುತ್ತಾರೆ, ಅದರಿಂದ ಬಹಳ ದಿನ ಕೆಡುವುದಿಲ್ಲ, ಆದರೆ ಪರಿಮಳವೂ ಹೋಗುತ್ತದೆ. ಬೀಸುವ ಕಲ್ಲಿನಲ್ಲಿ ಒಡೆದ ನುಚ್ಚು ಬೇಯಲು ಮುಕ್ಕಾಲು ಗಂಟೆಯಾದರೂ ಬೇಕು. ಯಾವುದನ್ನು ಬಳಸುತ್ತಾರೆಂದು ಕೇಳಿ ನೋಡಿ. ಕಲ್ಲಿನಲ್ಲಿ ಬೀಸಿದ್ದಾದರೆ ಹೆಮ್ಮೆಯಿಂದ ಹೇಳುತ್ತಾರೆ.

ಮೂರನೆಯ ಉತ್ತರ

ಮೊದಲ ಉತ್ತರದ ಒಂದು ಮಾತಿಗೆ ನನ್ನ ತಕರಾರಿದೆ. ಕೊರತೆಯ ಕತೆ ನಿಜ, ಆದರೆ ಈ ಅಡುಗೆಯನ್ನು ಅದೊಂದರಿಂದಲೇ ವಿವರಿಸಿದರೆ ಅಡುಗೆ ಮಾಡಿದವರ ಕೈಗುಣಕ್ಕೆ ಅನ್ಯಾಯವಾಗುತ್ತದೆ. ಬೆಂಡೆಕಾಯಿ, ಅಲಸಂದೆ ಬಂದದ್ದು ಆಫ್ರಿಕಾದಿಂದ. ಅವುಗಳನ್ನು ಬೆಳೆಯುವ, ಬೇಯಿಸುವ ತಿಳಿವಳಿಕೆಯೂ ಅಲ್ಲಿಂದ ಬಂದವರ ಜೊತೆಗೇ ಬಂತು.

ಕೋಳಿ ಮತ್ತು ವಾಫಲ್ ಜೋಡಿ ಇಂದಿನ ರೂಪದಲ್ಲಿ ಹೆಸರಾದದ್ದು ದಕ್ಷಿಣದಲ್ಲಲ್ಲ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. 1938ರಲ್ಲಿ ಅಲ್ಲಿ ಆರಂಭವಾದ ವೆಲ್ಸ್ ಎಂಬ ರೆಸ್ಟೋರೆಂಟಿಗೆ ಜಾಝ್ ಸಂಗೀತಗಾರರು ಕಾರ್ಯಕ್ರಮ ಮುಗಿಸಿ ಬರುತ್ತಿದ್ದ ಹೊತ್ತು ರಾತ್ರಿಯ ಊಟಕ್ಕೆ ತಡ, ಬೆಳಗಿನ ತಿಂಡಿಗೆ ಬೇಗ ಎನ್ನುವಂತಿತ್ತು. ಎರಡೂ ಒಂದೇ ತಟ್ಟೆಗೆ ಬಂದವು. 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕರಿಯ ಅಮೆರಿಕನ್ನರು ದಕ್ಷಿಣವನ್ನು ಬಿಟ್ಟು ಬೇರೆಡೆಗೆ ವಲಸೆ ಹೋದರು, ಕರಿದ ಕೋಳಿಯೂ ಅವರೊಂದಿಗೆ ಹೋಯಿತು. ಸೋಲ್ ಫುಡ್ ಎಂಬ ಹೆಸರು ಪ್ರಚಾರಕ್ಕೆ ಬಂದದ್ದೂ 1960ರ ದಶಕದಲ್ಲಿ. ನೀವು ಅಟ್ಲಾಂಟಾದಲ್ಲೇ ಇರುವುದರಿಂದ ಪ್ಯಾಸ್ಕಲ್ಸ್‌ಗೂ ಒಮ್ಮೆ ಹೋಗಿ ಬನ್ನಿ; 1947ರಲ್ಲಿ ಇಬ್ಬರು ಸಹೋದರರು ಆರಂಭಿಸಿದ ಆ ರೆಸ್ಟೋರೆಂಟಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಅವರ ಸಂಗಡಿಗರು ಸಭೆ ಸೇರುತ್ತಿದ್ದರು. ಎಲ್ಲಿಗೇ ಹೋದರೂ ಭಾನುವಾರ ಚರ್ಚ್ ಬಿಡುವ ಹೊತ್ತನ್ನು ತಪ್ಪಿಸಿ.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಧನ್ಯವಾದಗಳು. ಬುಧವಾರ ಬೆಳಿಗ್ಗೆ ಅದೇ ರೆಸ್ಟೋರೆಂಟಿಗೆ ಹೋದೆವು, ಕಾಯಬೇಕಾಗಲಿಲ್ಲ. ಸೊಪ್ಪಿಗೆ ಹಾಕುವುದು ಹಂದಿಯನ್ನೇ ಎಂದು ತಿಳಿದು ಅದನ್ನು ಬಿಟ್ಟೆ; ಬಿಸ್ಕೆಟಿಗೆ ಬೆಣ್ಣೆ ಮಾತ್ರ ಎಂದರು, ಎರಡು ತಿಂದೆ. ಗ್ರಿಟ್ಸ್ ಬಂದ ಕೂಡಲೇ ಗೆಳತಿ ಸಕ್ಕರೆಯ ಡಬ್ಬಿಯನ್ನು ಪಕ್ಕದ ಮೇಜಿಗೆ ದಾಟಿಸಿಬಿಟ್ಟಳು.