ಜೋಡಿಗೆ ಕ್ಯಾಂಡಿಡ್ ಬೇಕು, ಹುಡುಗಿ ಅಪ್ಪನಿಗೆ ನೆಂಟರೆಲ್ಲ ಬೇಕು. ಮದುವೆ ಫೋಟೋದಲ್ಲಿ ಯಾರ ಮಾತು ಕೇಳುವುದು?

ತುಂಗಾತೀರದವ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು. ಇಷ್ಟು ದಿನ ಬೇರೆಯವರ ಜೊತೆ ಸೆಕೆಂಡ್ ಶೂಟರ್ (ಎರಡನೇ ಕ್ಯಾಮೆರಾದವನು) ಆಗಿ ಹೋಗುತ್ತಿದ್ದೆ. ಈಗ ಮೊದಲ ಸಲ ನನ್ನದೇ ಹೆಸರಿನಲ್ಲಿ ಒಂದು ಮದುವೆ ಒಪ್ಪಿಕೊಂಡಿದ್ದೇನೆ. ಹುಡುಗ ಹುಡುಗಿ ಇಬ್ಬರೂ ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿದ್ದಾರೆ. ಮದುವೆ ಯಲಹಂಕ ಕಡೆ ಒಂದು ಛತ್ರದಲ್ಲಿ. ಹಿಂದಿನ ದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಬೇಗ ಮುಹೂರ್ತ.

ಜೋಡಿ ತುಂಬಾ ಒಳ್ಳೆಯವರು, ಖುಷಿಯಾಗಿದ್ದಾರೆ. ಆದರೆ ದಿನಾ ರಾತ್ರಿ ಒಂದೊಂದು ರೀಲ್ಸ್ ಕಳಿಸುತ್ತಾರೆ. ಎಲ್ಲಾ ಉದಯಪುರದ ಅರಮನೆ, ಕೆರೆ, ಸಂಜೆ ಬಿಸಿಲು, ಈ ಥರದ್ದು. "ನಮಗೆ ಪೂರ್ತಿ ಕ್ಯಾಂಡಿಡ್ ಬೇಕು, ಸ್ಟೇಜ್ ಮೇಲೆ ಸಾಲಾಗಿ ನಿಲ್ಲಿಸಿ ತೆಗೆಯೋದು ಬೇಡವೇ ಬೇಡ" ಅಂತ ಹೇಳಿದ್ದಾರೆ. ಈ ಕಡೆ ಹುಡುಗಿಯ ಅಪ್ಪ ಬೇರೆಯಾಗಿ ಫೋನ್ ಮಾಡಿ, "ನೋಡಪ್ಪಾ, ನೆಂಟರು ಒಬ್ಬರೂ ಬಿಟ್ಟು ಹೋಗಬಾರದು, ಆಮೇಲೆ ನಾನು ಮಾತು ಕೇಳಬೇಕಾಗುತ್ತದೆ" ಅಂದರು. ದುಡ್ಡು ಕೊಡುವವರು ಅವರೇ.

ನನ್ನ ಹತ್ತಿರ 35 ಎಂಎಂ, 85 ಎಂಎಂ ಲೆನ್ಸ್, ಎರಡು ಕಾರ್ಡ್ ಸ್ಲಾಟಿನ ಒಂದು ಕ್ಯಾಮೆರಾ ಬಾಡಿ, ಬಾಡಿಗೆಗೆ ತರುವ ಇನ್ನೊಂದು ಬಾಡಿ, ಎರಡು ಫ್ಲ್ಯಾಶ್ ಇದೆ. ಜೊತೆಗೆ ಒಬ್ಬ ಅಸಿಸ್ಟೆಂಟು, ಒಬ್ಬ ವಿಡಿಯೋದವನು. ಈಗ ಖುಷಿಯಾಗಿರುವ ಜೋಡಿ ಆಲ್ಬಮ್ ಕೈಗೆ ಬಂದಾಗಲೂ ಖುಷಿಯಾಗಿಯೇ ಇರಬೇಕು ಅಂದರೆ ಏನು ಮಾಡಬೇಕು? ಅನುಭವ ಇರುವವರು ಹೇಳಿ.

ಇನ್ನೊಂದು ಮಾತು, ಡ್ರೋನ್ ಕೂಡ ಕೇಳುತ್ತಿದ್ದಾರೆ.

---

ಹಾಸನದ ಸ್ಟುಡಿಯೋ:

ನಾನು ಫಿಲ್ಮ್ ರೋಲ್ ಕಾಲದಿಂದ ಇರುವವನು. ಒಂದು ರೋಲಿಗೆ 36 ಫೋಟೋ, ಮದುವೆಗೆ ಇಷ್ಟೇ ರೋಲ್ ಅಂತ ಮೊದಲೇ ಮಾತಾಗುತ್ತಿತ್ತು. ಹಾಗಾಗಿ ಯಾರನ್ನು ತೆಗೆಯಬೇಕು ಅನ್ನುವುದು ನಮಗೆ ಮೊದಲೇ ಗೊತ್ತಿರಲೇಬೇಕಿತ್ತು. ಈಗಿನವರು ಸಾವಿರಗಟ್ಟಲೆ ಹೊಡೆಯುತ್ತಾರೆ, ಆದರೂ ಸೋದರಮಾವನ ಒಂದು ನೆಟ್ಟಗಿನ ಫೋಟೋ ಇರುವುದಿಲ್ಲ.

ಹುಡುಗಿ ಅಪ್ಪ ಹೇಳಿದ್ದು ಸರಿಯಾಗಿಯೇ ಇದೆ. ಸಾಲಾಗಿ ನಿಲ್ಲಿಸುವುದನ್ನು ನೀವು ಹಳೇ ಕಾಲದ್ದು ಅಂದುಕೊಳ್ಳುತ್ತೀರಿ. ನಮ್ಮ ಸ್ಟುಡಿಯೋಗೆ ಜನ ಹಳೇ ಮದುವೆ ಆಲ್ಬಮ್ ಹಿಡಿದು ಯಾಕೆ ಬರುತ್ತಾರೆ ಗೊತ್ತಾ? ಮನೆಯಲ್ಲಿ ಹಿರಿಯರು ತೀರಿಕೊಂಡಿರುತ್ತಾರೆ, ವೈಕುಂಠ ಸಮಾರಾಧನೆ ಕಾರ್ಡಿಗೆ, ಹಾರ ಹಾಕುವ ಫ್ರೇಮಿಗೆ ಒಂದು ಮುಖ ಬೇಕು. ಒಳ್ಳೇ ಸೀರೆ ಉಟ್ಟು, ಒಳ್ಳೇ ಪಂಚೆ ಶಲ್ಯ ಹಾಕಿ ಆ ಜೀವ ಕ್ಯಾಮೆರಾ ನೋಡಿದ್ದು ಮೊಮ್ಮಗಳ ಮದುವೆಯಲ್ಲಿ ಮಾತ್ರ. ಅದನ್ನೇ ಕತ್ತರಿಸಿ ದೊಡ್ಡದು ಮಾಡಿಕೊಡುತ್ತೇವೆ. ನಿಮ್ಮ ಕ್ಯಾಂಡಿಡ್‌ನಲ್ಲಿ ಅಜ್ಜಿ ಅರ್ಧ ಮುಖ ತಿರುಗಿಸಿ ನಗುತ್ತಿರುತ್ತಾರೆ, ಹಿಂದೆ ಎಲ್ಲಾ ಮಸುಕು. ಚೆಂದವೇ, ಇಲ್ಲ ಅನ್ನಲ್ಲ. ಆದರೆ ಆ ಕೆಲಸಕ್ಕೆ ಬರಲ್ಲ.

ಅದಕ್ಕೆ ಹೇಳುವುದು, ಅರವತ್ತು ದಾಟಿದ ಪ್ರತಿಯೊಬ್ಬರದ್ದೂ ಒಂದು ನೇರ ಫೋಟೋ, ಒಬ್ಬೊಬ್ಬರನ್ನೇ ಕೂರಿಸಿ, ಬೆಳಕು ಮುಖಕ್ಕೆ ಬೀಳುವ ಹಾಗೆ. ನಾಂದಿ ದಿನವೋ ಬೆಳಗಿನ ತಿಂಡಿ ಹೊತ್ತಿಗೋ ಮುಗಿಸಿಬಿಡಿ, ಅಸಿಸ್ಟೆಂಟ್ ಸಾಕು. ಜೋಡಿ ಇದನ್ನು ಕೇಳುವುದಿಲ್ಲ. ಕೇಳದಿದ್ದರೂ ತೆಗೆಯಿರಿ.

ಎರಡೂ ಕಡೆಯಿಂದ ಒಬ್ಬೊಬ್ಬ ನೆಂಟರ ಮ್ಯಾನೇಜರ್ ಹಿಡಿದುಕೊಳ್ಳಿ. ಸಾಮಾನ್ಯವಾಗಿ ಒಬ್ಬ ಚಿಕ್ಕಮ್ಮನೋ ಅತ್ತಿಗೆಯೋ ಇರುತ್ತಾರೆ, ಯಾರ ಮೇಲೆ ಯಾರಿಗೆ ಮುನಿಸು ಅನ್ನುವುದೂ ಅವರಿಗೇ ಗೊತ್ತು. ಇಲ್ಲದಿದ್ದರೆ ಮಾತು ಬಿಟ್ಟ ಇಬ್ಬರು ದಾಯಾದಿಗಳನ್ನು ನೀವೇ ಪಕ್ಕಪಕ್ಕ ನಿಲ್ಲಿಸಿ "ಸ್ವಲ್ಪ ಹತ್ತಿರ ಬನ್ನಿ ಸಾರ್" ಅನ್ನುತ್ತೀರಿ.

---

ಐಎಸ್‌ಒ_6400:

ಸ್ಟುಡಿಯೋ ಅಣ್ಣನ ಮೊದಲ ಮಾತು ಒಪ್ಪುತ್ತೇನೆ, ಆದರೆ "ಅಪ್ಪ ಹೇಳಿದ್ದೇ ಸರಿ" ಅನ್ನುವುದನ್ನು ಒಪ್ಪಲ್ಲ. ಇವರನ್ನು ಹುಡುಕಿಕೊಂಡು ಬಂದಿದ್ದು ಜೋಡಿ. ದುಡ್ಡು ಯಾರ ಜೇಬಿನಿಂದ ಬಂದರೂ ಆಲ್ಬಮ್ ಇರುವುದು ಅವರ ಮನೆಯಲ್ಲಿ.

ತುಂಗಾತೀರದವರೇ, ಆ ರೀಲ್ಸ್ ವಿಷಯ ಈಗಲೇ ಮಾತಾಡಿ ಮುಗಿಸಿ. ಉದಯಪುರದ ಫೋಟೋದಲ್ಲಿ ಅರ್ಧ ಕೆಲಸ ಸಂಜೆ ಬಿಸಿಲು ಮಾಡಿರುತ್ತದೆ. ನಿಮಗೆ ಸಿಗುವುದು ಟ್ಯೂಬ್‌ಲೈಟು, ನೇರಳೆ ಬಣ್ಣದ ಪಾರ್ ಲೈಟು, ಹಿಂದೆ ಜೋಡಿ ಹೆಸರು ಬರೆದ ಎಲ್‌ಇಡಿ ಗೋಡೆ. ಛತ್ರಕ್ಕೆ ಒಂದು ಸಲ ಹೋಗಿ, ಅಲ್ಲೇ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದು ಇಬ್ಬರಿಗೂ ಕಳಿಸಿ, "ಜಾಗ ಹೀಗಿದೆ, ಇದರಲ್ಲಿ ಇಂಥ ಮೂಲೆಯಲ್ಲಿ ಚೆನ್ನಾಗಿ ಬರುತ್ತದೆ" ಅಂತ ತೋರಿಸಿ. ಸುಮ್ನೆ "ಆಗುತ್ತದೆ ಆಗುತ್ತದೆ" ಅಂದರೆ ಆಮೇಲೆ ನಿಮ್ಮ ಫೋಟೋನ ಉದಯಪುರದ ಪಕ್ಕ ಇಟ್ಟು ನೋಡುತ್ತಾರೆ.

ಆರತಕ್ಷತೆಗೆ ಮುಂಚೆ ಅರ್ಧ ಗಂಟೆ ಇಬ್ಬರೂ ನಿಮ್ಮ ಕೈಗೆ ಸಿಗಬೇಕು ಅಂತ ಮೇಕಪ್‌ನವರ ಹತ್ತಿರವೇ ಮಾತಾಡಿ, ಹುಡುಗಿ ಹತ್ತಿರ ಅಲ್ಲ. ಹುಡುಗಿ ಕೈಯಲ್ಲಿ ಆವತ್ತು ಏನೂ ಇರಲ್ಲ. ಸ್ಟೇಜ್ ಹತ್ತಿದ ಮೇಲೆ ಲೆಕ್ಕ ಹಾಕಿ ನೋಡಿ, ಒಂದು ಗುಂಪಿಗೆ 15 ಸೆಕೆಂಡ್ ಅಂದರೂ 3 ಗಂಟೆಯಲ್ಲಿ 720 ಗುಂಪು. ನಿಜವಾಗಿ ಯಾರೂ 15 ಸೆಕೆಂಡಿನಲ್ಲಿ ಇಳಿಯಲ್ಲ, ಮುಯ್ಯಿ ಕವರ್ ಕೊಡಬೇಕು, ಮಗುವನ್ನು ಎತ್ತಿಕೊಳ್ಳಬೇಕು, ಇನ್ನೊಬ್ಬ ಅಣ್ಣ ಎಲ್ಲೋ ಊಟಕ್ಕೆ ಹೋಗಿರುತ್ತಾನೆ ಅವನಿಗೆ ಕಾಯಬೇಕು. ಅಷ್ಟು ಹೊತ್ತು ನಿಂತ ಮುಖದಲ್ಲಿ ನೀವು ಏನು ಕ್ಯಾಂಡಿಡ್ ತೆಗೆಯುತ್ತೀರಿ? ನಡುನಡುವೆ ಸಾಲು ನಿಲ್ಲಿಸಿ ಎರಡು ನಿಮಿಷ ಕೂರಿಸಿ, ನೀರು ಕೊಡಿಸಿ. ಬೇರೆ ಯಾರಿಗೂ ಆ ಧೈರ್ಯ ಇರಲ್ಲ, ಕ್ಯಾಮೆರಾದವನು ಹೇಳಿದರೆ ಎಲ್ಲರೂ ಕೇಳುತ್ತಾರೆ.

ಇನ್ನು ಕ್ಯಾಂಡಿಡ್‌ಗೆ ನಮ್ಮ ಶಾಸ್ತ್ರಗಳಲ್ಲೇ ಬೇಕಾದಷ್ಟು ಇದೆ. ಕಾಶಿಯಾತ್ರೆಯಲ್ಲಿ ಹುಡುಗ ಛತ್ರಿ ಕೋಲು ಹಿಡಿದು ಹೊರಟಾಗ ಅವನ ಗೆಳೆಯರ ಮುಖ ನೋಡಿ. ಅಂತಃಪಟ ಹಿಡಿದಾಗ ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ಬನ್ನಿ, ತೆರೆಯ ಎರಡೂ ಬದಿ ಎರಡೂ ಮುಖ ಒಂದೇ ಫ್ರೇಮಿನಲ್ಲಿ ಬರುತ್ತದೆ. ತೆರೆ ಸರಿದ ತಕ್ಷಣ ಜೀರಿಗೆ ಬೆಲ್ಲ ತಲೆ ಮೇಲೆ ಇಡಲು ಇಬ್ಬರೂ ಪೈಪೋಟಿ ಮಾಡುತ್ತಾರೆ, ಬರ್ಸ್ಟ್ (ಪಟಪಟ ಒಂದರ ಹಿಂದೆ ಒಂದು ತೆಗೆಯುವುದು) ಅಲ್ಲೇ ಬೇಕು. ಆಮೇಲೆ ಬಿಂದಿಗೆಯಲ್ಲಿ ಉಂಗುರ ಹುಡುಕುವ ಆಟ ಇದ್ದರೆ ಅದು ಬಂಗಾರ. ಅಷ್ಟು ಹೊತ್ತಿಗೆ ಟೆನ್ಷನ್ ಎಲ್ಲಾ ಇಳಿದಿರುತ್ತದೆ, ಯಾರೂ ಪೋಸ್ ಕೊಡಲ್ಲ.

ಮಾಂಗಲ್ಯಕ್ಕೆ ಮಾತ್ರ ಹುಷಾರು. ಗಟ್ಟಿಮೇಳ ಶುರುವಾದ ಕೂಡಲೇ ಸುತ್ತ ಕೈಗಳು, ಮೊಬೈಲುಗಳು. ಬೆಳಗ್ಗೆಯೇ ಪುರೋಹಿತರಿಗೆ ನಮಸ್ಕಾರ ಹಾಕಿ, ಯಾವ ಕಡೆ ಕೂರುತ್ತಾರೆ, ಯಾವಾಗ ಸನ್ನೆ ಮಾಡುತ್ತಾರೆ ಕೇಳಿಕೊಳ್ಳಿ. ಒಂದು ಗಟ್ಟಿ ಸ್ಟೂಲ್ ತನ್ನಿ. ಎಲ್‌ಇಡಿ ಲೈಟಿನಲ್ಲಿ ಪಟ್ಟೆ ಬಂದರೆ ಶಟರ್ 1/100 ಸೆಕೆಂಡಿಗೆ ಇಳಿಸಿ ನೋಡಿ, ನಮ್ಮ ಕರೆಂಟು 50 ಹರ್ಟ್ಜ್ ಆದ್ದರಿಂದ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅಷ್ಟು ನಿಧಾನದ ಶಟರ್‌ನಲ್ಲಿ ಅಕ್ಷತೆ ಗೆರೆಗೆರೆಯಾಗುತ್ತದೆ, ಅದಕ್ಕೆ ಫ್ಲ್ಯಾಶ್ ಬೇಕು. ಚಪ್ಪರದ ಬಟ್ಟೆ ಹಳದಿ ಕೆಂಪು ಇದ್ದರೆ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಬೌನ್ಸ್ ಮಾಡಬೇಡಿ, ಎಲ್ಲರಿಗೂ ಕಾಮಾಲೆ ಬಂದ ಹಾಗೆ ಕಾಣುತ್ತದೆ.

---

ಹಳೇ_ಮದುಮಗಳು:

ನಾನು ಫೋಟೋಗ್ರಾಫರ್ ಅಲ್ಲ, ಫೋಟೋದಲ್ಲಿ ಇದ್ದವಳು. ಹೇಳಬಹುದಾ?

ನಮ್ಮ ಮದುವೆಯ ಫೋಟೋದವರು ಕೆಲಸದಲ್ಲಿ ಚುರುಕು, ಆದರೆ ಆಲ್ಬಮ್ ತೆರೆದರೆ ನಾನು ನಾನಾಗಿರಲಿಲ್ಲ. ನಾನು ಕಪ್ಪು. ಮನೆಯಲ್ಲಿ ಎಲ್ಲರೂ ಹಾಗೇ. ಅದರಲ್ಲಿ ನನ್ನ ಮುಖ ಮಾತ್ರ ಸುಣ್ಣ ಬಳಿದ ಹಾಗಿದೆ, ಕೈ ನನ್ನದೇ ಬಣ್ಣ. ನಾನು ಕೇಳಿರಲಿಲ್ಲ, ಯಾರೂ ಕೇಳಿರಲಿಲ್ಲ, ಎಲ್ಲ ಹುಡುಗಿಯರಿಗೂ ಇದೇ ಬೇಕು ಅಂತ ಅವರೇ ತೀರ್ಮಾನಿಸಿದ್ದರು. ಸರಿ ಮಾಡಿ ಕೊಡಿ ಅಂದರೆ ಪ್ರಿಂಟಿಗೆ ಹೋಗಿಬಿಟ್ಟಿದೆ ಅಂದರು. ನನ್ನ ಗಂಡ ಇವತ್ತಿಗೂ ಆ ಆಲ್ಬಮ್ಮನ್ನು "ನಿನ್ನ ತಂಗಿ ಮದುವೆ" ಅನ್ನುತ್ತಾನೆ. ಎಡಿಟ್ ಮಾಡುವ ಮುಂಚೆ ಒಂದೇ ಒಂದು ಫೋಟೋ ಕಳಿಸಿ "ಬಣ್ಣ ಹೀಗೆ ಇರಲಾ" ಅಂತ ಕೇಳಿ, ಅಷ್ಟು ಸಾಕು.

ಇನ್ನೊಂದು, ನಮ್ಮಿಂದ ಏನನ್ನೂ ಎರಡನೇ ಸಲ ಮಾಡಿಸಬೇಡಿ. "ಮೇಡಂ ಹಾರ ಮತ್ತೆ ತೆಗೆದು ಹಾಕಿ, ಸಾರ್ ಸ್ವಲ್ಪ ಬಗ್ಗಿ" ಅಂತ ಎಲ್ಲರೆದುರು ಹೇಳಿದರೆ ನಗು ಬರುವ ಬದಲು ಸಿಟ್ಟು ಬರುತ್ತದೆ. ಹೊಗೆಯಲ್ಲಿ ಕಣ್ಣು ಉರಿಯುತ್ತಿರುತ್ತದೆ, ಹಿಂದಿನ ರಾತ್ರಿ ನಿದ್ದೆ ಇರಲ್ಲ, ಹೊಟ್ಟೆ ಖಾಲಿ.

ನಾನು ಜಾಸ್ತಿ ನೋಡುವುದು ಯಾವ ಫೋಟೋ ಅಂದರೆ ನಾನಿಲ್ಲದವು. ನಾನು ಕೋಣೆಯಲ್ಲಿ ಅಲಂಕಾರ ಮಾಡಿಸಿಕೊಳ್ಳುತ್ತಿದ್ದಾಗ ಹೊರಗೆ ಏನಾಗುತ್ತಿತ್ತು ನನಗೆ ಗೊತ್ತೇ ಇಲ್ಲ ಅಲ್ವಾ? ಅಡುಗೆಯವರ ಹತ್ತಿರ ಅಪ್ಪ ಜಗಳ ಆಡುತ್ತಿರುವುದು, ನನ್ನ ಇಬ್ಬರು ಅತ್ತೆಯರು ಹೂವಿಗಾಗಿ ಕಿತ್ತಾಡಿದ್ದು, ಮಕ್ಕಳೆಲ್ಲ ಊಟದ ಎಲೆ ಮೇಲಿನ ಹೋಳಿಗೆ ಕದ್ದಿದ್ದು, ಇವೆಲ್ಲ ಸೆಕೆಂಡ್ ಕ್ಯಾಮೆರಾದ ಹುಡುಗ ತೆಗೆದಿದ್ದ. ಆಲ್ಬಮ್ಮಿಗೆ ಅವು ಒಂದೂ ಸೇರಿರಲಿಲ್ಲ, ಪೆನ್‌ಡ್ರೈವ್‌ನಲ್ಲಿ ಸಿಕ್ಕವು.

---

ಮಡಿಕೇರಿ_ಮಳೆ:

ಮೇಲೆ ಹೇಳಿದ್ದೆಲ್ಲ ಪುರೋಹಿತರಿರುವ ಮದುವೆಗೆ. ಕೊಡವ ಮದುವೆಗೆ ಬಂದರೆ ಪುರೋಹಿತರೇ ಇಲ್ಲ, ಸನ್ನೆ ಯಾರನ್ನು ಕೇಳುತ್ತೀರಿ? ಬಾಳೆ ದಿಂಡು ಕಡಿಯುವ ಶಾಸ್ತ್ರ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ, ಒಡಿಕತ್ತಿ (ಕೊಡವರ ಅಗಲ ಕತ್ತಿ) ಬೀಸುವ ಜಾಗದಿಂದ ದೂರ ನಿಲ್ಲಿ, ಫೋಟೋಗ್ರಾಫರ್ ಹತ್ತಿರ ಹೋಗಿ ಬೈಸಿಕೊಂಡಿದ್ದನ್ನು ನಾನೇ ನೋಡಿದ್ದೇನೆ. ಗಂಗಾಪೂಜೆ ಮಾತ್ರ ಉಲ್ಟಾ. ಹುಡುಗಿ ತಲೆ ಮೇಲೆ ನೀರಿನ ಕೊಡ ಹೊತ್ತು ನಿಂತಿರುತ್ತಾಳೆ, ಹುಡುಗನ ಕಡೆಯವರು ವಾಲಗಕ್ಕೆ ಕುಣಿಯುತ್ತಾ ದಾರಿ ಬಿಡುವುದೇ ಇಲ್ಲ. ಬೇಗ ಬ್ಯಾಟರಿ ಖಾಲಿ ಮಾಡಿಕೊಂಡವರು ಅಲ್ಲಿ ಅಳುತ್ತಾರೆ. ಯಾರ ಮದುವೆ, ಯಾವ ಊರಿನ ಪದ್ಧತಿ ಅಂತ ಮನೆಯ ಹಿರಿಯರ ಹತ್ತಿರ ಕೂತು ಕೇಳಿ. ಜೋಡಿಗೆ ಎಷ್ಟೋ ಸಲ ಅವರ ಶಾಸ್ತ್ರವೇ ಗೊತ್ತಿರಲ್ಲ.

---

ಲೆಕ್ಕ_ಪಕ್ಕಾ:

ಕಲೆ ಬಗ್ಗೆ ಎಲ್ಲರೂ ಹೇಳಿದರು. ನಾನು ಕಾಗದದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಜೋಡಿ ಮುನಿಸಿಕೊಳ್ಳುವುದು ಮದುವೆಯ ದಿನ ಅಲ್ಲ, ಅದಾದ ಮೇಲೆ.

ಎಷ್ಟು ಫೋಟೋ, ಆಲ್ಬಮ್ ಎಷ್ಟು ಶೀಟ್, ಯಾವ ಸೈಜ್, ಎಷ್ಟು ಸಲ ತಿದ್ದುಪಡಿ, ಎಲ್ಲಾ ಬರೆದು ಇಬ್ಬರಿಂದಲೂ ಒಪ್ಪಿಗೆ ಪಡೆಯಿರಿ. ವಾಟ್ಸಾಪ್‌ನಲ್ಲಿ "ಓಕೆ" ಅಂತ ಬಂದರೂ ಏನೂ ಇಲ್ಲದ್ದಕ್ಕಿಂತ ಮೇಲು. ಫೋಟೋ ಆರಿಸಲು ಒಂದು ಗಡುವು ಹಾಕಿ. ಹೊಸ ಜೋಡಿ ಆರಿಸುವುದೇ ಇಲ್ಲ, ಹನಿಮೂನ್, ಆಷಾಢ, ಹೊಸ ಮನೆ, ಹೀಗೇ ವರ್ಷ ಕಳೆಯುತ್ತದೆ. ನಿಮ್ಮ ಉಳಿದ ದುಡ್ಡು ಆಲ್ಬಮ್ಮಿಗೆ ಕಟ್ಟಿಕೊಂಡಿದ್ದರೆ ಅದೂ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಹೆಚ್ಚು ಪಾಲು ಮದುವೆ ದಿನದೊಳಗೆ ಬರಬೇಕು. ಮದುವೆ ಆದ ಎರಡು ಮೂರು ದಿನದಲ್ಲಿ ಇಪ್ಪತ್ತೋ ಮೂವತ್ತೋ ಒಳ್ಳೇ ಫೋಟೋ ಕಳಿಸಿಬಿಡಿ, ಸ್ಟೇಟಸ್ ಹಾಕಿಕೊಳ್ಳಲಿ. ಆಮೇಲೆ ಆಲ್ಬಮ್ ಸ್ವಲ್ಪ ತಡವಾದರೂ ಜಗಳ ಇರಲ್ಲ.

ಫೋಟೋ ನಿಮ್ಮದು ಅಂದುಕೊಂಡು ಇನ್‌ಸ್ಟಾಗ್ರಾಂಗೆ ಹಾಕಬೇಡಿ. ಕಾಪಿರೈಟ್ ಕಾಯ್ದೆ 1957, ಸೆಕ್ಷನ್ 17 ನೋಡಿ. ದುಡ್ಡು ಕೊಟ್ಟು ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಪೋರ್ಟ್‌ಫೋಲಿಯೋಗೆ ಬಳಸುತ್ತೇವೆ ಅಂತ ಒಂದು ಸಾಲು ಬರೆಸಿಕೊಳ್ಳಿ. ಬೇಡ ಅಂದರೆ ಬೇಡ.

ಪ್ರೀವೆಡ್ಡಿಂಗ್ ಶೂಟ್ ಇದ್ದರೆ ನೀರಿನ ಹತ್ತಿರ ಸಾಹಸ ಬೇಡ. 2020ರ ನವೆಂಬರ್‌ನಲ್ಲಿ ತಲಕಾಡಿನ ಹತ್ತಿರ ಕಾವೇರಿಯಲ್ಲಿ ಶೂಟ್‌ಗೆ ಹೋದ ಜೋಡಿ ತೆಪ್ಪ ಮಗುಚಿ ತೀರಿಕೊಂಡರು. ಲೈಫ್ ಜಾಕೆಟ್ ಹಾಕಿದರೆ ಫೋಟೋ ಚೆನ್ನಾಗಿರಲ್ಲ ಅನ್ನುವವರು ಸಿಗುತ್ತಾರೆ. ಅಂಥವರಿಗೆ ದಡದಲ್ಲೇ ತೆಗೆಯುತ್ತೇನೆ ಅಂತ ನೇರವಾಗಿ ಹೇಳಿ.

---

ತುಂಗಾತೀರದವ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಹುಡುಗಿಗೆ ಫೋನ್ ಮಾಡಿ ಬಣ್ಣದ ವಿಷಯ ಕೇಳಿದೆ. ಒಂದು ಕ್ಷಣ ಸುಮ್ಮನಾಗಿ, "ನೀವೇ ಮೊದಲು ಕೇಳಿದ್ದು, ದಯವಿಟ್ಟು ಹಾಗೇ ಇರಲಿ" ಅಂದರು. ಗ್ರೂಪ್ ಫೋಟೋಗೆ ಒಂದು ಹೊತ್ತು ಬೇರೆ ಇಟ್ಟುಕೊಂಡೆವು, ಮುಹೂರ್ತ ಮುಗಿದು ಊಟಕ್ಕೆ ಹೋಗುವ ಮುಂಚೆ, ಮನೆಯವರು ಮಾತ್ರ. ಆರತಕ್ಷತೆ ಸಾಲನ್ನು ಅಸಿಸ್ಟೆಂಟ್ ನೋಡಿಕೊಳ್ಳುತ್ತಾನೆ, ನಾನು ಕೆಳಗೆ ಓಡಾಡುತ್ತೇನೆ. ಅವರ ಅಪ್ಪ ಒಪ್ಪಿದರು, ಆದರೆ ತಮ್ಮ ಆಫೀಸಿನವರ ಗುಂಪಿಗೆ ನಾನೇ ಬರಬೇಕಂತೆ.

ನೆಂಟರ ಮ್ಯಾನೇಜರ್ ಹುಡುಗಿ ಕಡೆಯಿಂದ ಸಿಕ್ಕರು. ಹುಡುಗನ ಕಡೆ ಇಬ್ಬರು ತಾವೇ ಅನ್ನುತ್ತಿದ್ದಾರೆ.

ಡ್ರೋನ್ ಬಗ್ಗೆ ಯಾರೂ ಹೇಳಲಿಲ್ಲ.

---

ಐಎಸ್‌ಒ_6400:

ಯಲಹಂಕ ಅಂದಿರಲ್ಲ. ವಾಯುಪಡೆ ನೆಲೆ ಅಲ್ಲೇ, ಜಕ್ಕೂರು ಏರೋಡ್ರೋಮ್ ಪಕ್ಕದಲ್ಲೇ, ದೊಡ್ಡ ಏರ್‌ಪೋರ್ಟೂ ಅದೇ ದಿಕ್ಕಿನಲ್ಲಿ. ಡಿಜಿಟಲ್ ಸ್ಕೈ (ಸರ್ಕಾರದ ಡ್ರೋನ್ ತಾಣ) ನಕ್ಷೆ ತೆರೆದು ಛತ್ರ ಯಾವ ವಲಯದಲ್ಲಿದೆ ನೋಡಿ, ಅನುಮತಿ ಬೇಡದ ಹಸಿರು ವಲಯ ಸಿಗುವುದು ಕಷ್ಟ. 250 ಗ್ರಾಂ ಒಳಗಿನ ಡ್ರೋನಿಗೆ ಪೈಲಟ್ ಸರ್ಟಿಫಿಕೇಟ್ ಬೇಡ ಅಂತ ಬಾಡಿಗೆ ಕೊಡುವವರು ಹೇಳುತ್ತಾರೆ, ಅದು ನಿಜ, ಆದರೆ ವಲಯದ ನಿಯಮ ಅದಕ್ಕೂ ಇದೆ. ಈಗಲೇ ಇಲ್ಲ ಅಂದುಬಿಡಿ. ಮೇಲಿಂದಲೇ ಬೇಕು ಅಂದರೆ ಛತ್ರದ ಬಾಲ್ಕನಿ ಬೀಗದ ಕೈ ಯಾರ ಹತ್ತಿರ ಇದೆ ಕೇಳಿಟ್ಟುಕೊಳ್ಳಿ, ಧಾರೆ ಹೊತ್ತಿಗೆ 35 ಎಂಎಂ ಹಿಡಿದು ಅಲ್ಲಿಗೆ ಅಸಿಸ್ಟೆಂಟನ್ನು ಹತ್ತಿಸಿ.

ಹಾಂ, ನಿಮ್ಮ ಮೂವರ ಊಟ ಮೊದಲನೇ ಪಂಕ್ತಿಗೇ ಹೇಳಿಡಿ. ಕೊನೇ ಪಂಕ್ತಿಗೆ ಕೂತರೆ ಅನ್ನ ಸಾರು ಬಿಟ್ಟು ಬೇರೇನೂ ಉಳಿದಿರಲ್ಲ, ಅಷ್ಟರಲ್ಲಿ ಹೆಣ್ಣು ಒಪ್ಪಿಸುವ ಶಾಸ್ತ್ರಕ್ಕೆ ಕರೆ ಬಂದಿರುತ್ತದೆ.