ಕನಸಲ್ಲಿ ಬಂದ ಪ್ರೇಮ ಕವಿತೆ ಎದ್ದ ಮೇಲೆ ಯಾಕೆ ಸಪ್ಪೆಯಾಗುತ್ತದೆ?

ನಸುಕು:
ನಾನು ಬರೆಯುವುದು ಹೆಚ್ಚಾಗಿ ಪ್ರೇಮ ಕವಿತೆ. ಸುಮ್ನೆ ಕೂತು ಯೋಚಿಸಿದರೆ ಒಂದು ಸಾಲೂ ಹುಟ್ಟುವುದಿಲ್ಲ. ಬೆಳಗಿನ ಜಾವ ಕನಸು ಬಿದ್ದರೆ ಮಾತ್ರ ತಾನಾಗಿಯೇ ಬರುತ್ತದೆ. ಮೊನ್ನೆ ಕನಸಲ್ಲಿ ಅವನು ಮೆಟ್ಟಿಲ ಮೇಲೆ ಕೂತು ಒದ್ದೆ ಕೊಡೆ ಮಡಚಲು ಒದ್ದಾಡುತ್ತಿದ್ದ. ಹೊರಗೆ ಮಳೆಯೇ ಇರಲಿಲ್ಲ. ನನಗೆ ಅಳು ಬಂದು ಎಚ್ಚರವಾಯಿತು. ಕತ್ತಲಲ್ಲೇ ಮೊಬೈಲ್ ತೆಗೆದು "ನಿನ್ನ ಮೌನದ ಸಾಗರದಲ್ಲಿ ನಾನು ಕರಗಿಹೋದೆ" ಅಂತ ಬರೆದೆ. ಆಗ ಮೈ ಜುಮ್ಮೆಂದಿತ್ತು. ಈಗ ಓದಿದರೆ ಯಾರು ಬೇಕಾದರೂ ಯಾರಿಗೆ ಬೇಕಾದರೂ ಬರೆಯಬಹುದಾದ ಸಾಲು ಅನಿಸುತ್ತದೆ. ಕನಸನ್ನು ನಂಬಿ ಬರೆಯಬಾರದಾ? ಸ್ಫೂರ್ತಿಗೆ ಕಾಯಬೇಕಾ, ದಿನಾ ಕೂತು ಬರೆಯಬೇಕಾ?

ತಿಳಿಗಾಳಿ:
ಜುಮ್ಮೆನ್ನುವುದಕ್ಕೆ ಮೆದುಳಲ್ಲೂ ಒಂದು ಕಾರಣ ಇದೆ. ಕಣ್ಣುಗುಡ್ಡೆ ಚಕಚಕನೆ ಓಡಾಡುವ ನಿದ್ದೆಯಲ್ಲಿ ಕನಸು ಜಾಸ್ತಿ. ನಿದ್ದೆಯ ಬಗ್ಗೆ ಸಂಶೋಧನೆ ಮಾಡಿದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ಇದನ್ನು ಪ್ರಕಟಿಸಿದರು. ಸುಮಾರು 90 ನಿಮಿಷಕ್ಕೊಮ್ಮೆ ಈ ನಿದ್ದೆ ಬರುತ್ತದೆ, ರಾತ್ರಿ ಕಳೆದಂತೆ ಉದ್ದವಾಗುತ್ತದೆ. ಆಗ ಮೆದುಳಿನಲ್ಲಿ ಭಾವನೆಯ ಭಾಗ ಚುರುಕಾಗಿರುತ್ತದೆ, ಅಳೆದು ತೂಗುವ ಭಾಗ ಮಂಕಾಗಿರುತ್ತದೆ. ಆಗಷ್ಟೇ ಎದ್ದವರಿಗೆ ಬರೆದದ್ದೆಲ್ಲ ಚೆನ್ನಾಗಿ ಕಂಡರೆ ಆಶ್ಚರ್ಯವಿಲ್ಲ.

ಒಳಗಿವಿ:
ನಸುಕು ಅವರೇ, ಕನಸನ್ನು ಖಂಡಿತ ನಂಬಿ. ಆದರೆ ನಿಮ್ಮ ಸಾಲಿನೊಳಗೆ ಆ ಕನಸು ಎಲ್ಲಿದೆ? ನೀವು ಕಂಡದ್ದು ಒದ್ದೆ ಕೊಡೆ, ಬರೆದದ್ದು ಸಾಗರ. ಕನಸಲ್ಲಿ ಭಾವನೆ ಪುಕ್ಕಟೆ ಸಿಗುತ್ತದೆ. ಕೊಡೆ ನೋಡಿದರೆ ಅಳು ಬರುತ್ತದೆ, ಯಾಕೆ ಅಂತ ಯಾರೂ ಕೇಳುವುದಿಲ್ಲ. ಓದುವವರ ಹತ್ತಿರ ಆ ಅಳು ಇರುವುದಿಲ್ಲ ಅಲ್ವಾ? ಅವರ ಕೈಗೆ ಕೊಡೆಯನ್ನೇ ಕೊಡಬೇಕು.

12ನೇ ಶತಮಾನದ ಅಕ್ಕಮಹಾದೇವಿಯ ಕನಸಿನ ವಚನ ತೆಗೆದು ನೋಡಿ. ಕನಸು ಕಂಡೆ ಅಂದ ಮರುಕ್ಷಣವೇ ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿ. ಆಮೇಲೆ ಚಿಕ್ಕ ಚಿಕ್ಕ ಜಡೆಯ ಗೊರವ ಭಿಕ್ಷಕ್ಕೆ ಬರುತ್ತಾನೆ. ಮೀರಿ ಹೊರಟವನ ಬೆನ್ನು ಹತ್ತಿ ಇವಳೇ ಕೈ ಹಿಡಿಯುತ್ತಾಳೆ. ಚೆನ್ನಮಲ್ಲಿಕಾರ್ಜುನನನ್ನು ಕಂಡು ಕಣ್ತೆರೆಯುತ್ತಾಳೆ. ಮುಗಿಯಿತು. ಎಷ್ಟು ಒಲವಿತ್ತು ಅಂತ ಒಂದು ಮಾತಿಲ್ಲ. ಆ ಕೈ ಹಿಡಿದದ್ದರಲ್ಲೇ ಎಲ್ಲ ಇದೆ. ನನಗಂತೂ ಪ್ರತಿ ಸಲವೂ ಅಲ್ಲಿ ಉಸಿರು ಹಿಡಿದಂತಾಗುತ್ತದೆ.

ಕಾಳಿದಾಸ ಇನ್ನೊಂದು ದಾರಿ ತೋರಿಸುತ್ತಾನೆ. ಮೇಘದೂತದ ಯಕ್ಷ ಕನಸಲ್ಲಿ ಸಿಕ್ಕ ಹೆಂಡತಿಯನ್ನು ಅಪ್ಪಲು ಬರಿ ಗಾಳಿಗೆ ತೋಳು ಚಾಚುತ್ತಾನೆ. ಅದನ್ನು ಕಂಡ ವನದೇವತೆಗಳ ಕಣ್ಣೀರು ಮುತ್ತಿನಷ್ಟು ದಪ್ಪ ಹನಿಗಳಾಗಿ ಚಿಗುರೆಲೆ ಮೇಲೆ ಉದುರುತ್ತದೆ. ಕನಸೊಳಗೆ ಏನಾಯಿತು ಅನ್ನುವುದಕ್ಕಿಂತ ಹೊರಗೆ ಮಲಗಿದವನ ತೋಳು ನಮಗೆ ಕಾಣುತ್ತದೆ. ನಿಮ್ಮನ್ನೂ ಹಾಗೆ ಹೊರಗಿನಿಂದ ನೋಡಿ. ಅಳುತ್ತಾ ಎದ್ದಾಗ ಕೈ ಎಲ್ಲಿತ್ತು? ದಿಂಬು ಯಾವ ಕಡೆ ಸರಿದಿತ್ತು?

ನಾನು ಎದ್ದ ಕೂಡಲೇ ಸಾಲು ಕಟ್ಟುವುದಿಲ್ಲ. ಕಂಡದ್ದನ್ನು ಮಾತ್ರ ಬರೆದಿಡುತ್ತೇನೆ: ಮೆಟ್ಟಿಲು, ಕೊಡೆ, ಮಳೆ ಇಲ್ಲ. ಕವಿತೆ ಬರೆಯುವುದು ಹಗಲಿನ ಕೆಲಸ. ಕೊಡೆಯ ಯಾವ ಕಡ್ಡಿ ಸಿಕ್ಕಿಕೊಂಡಿತ್ತು, ನೀರು ಅವನ ಮೊಣಕಾಲ ಮೇಲೆ ತೊಟ್ಟಿಕ್ಕುತ್ತಿತ್ತಾ, ಅವನು ತಲೆ ಎತ್ತಿ ನೋಡಿದನಾ. ಇವನ್ನು ಕೇಳುತ್ತಾ ಹೋದರೆ ಸಾಲು ಸಿಗುತ್ತದೆ.

ಹಗಲುಬಾವಿ:
ಪೂರ್ತಿ ಒಪ್ಪಲಾರೆ. ಕಡ್ಡಿ, ಮೊಣಕಾಲು ಅಂತ ಹುಡುಕುತ್ತಾ ಹೋದರೆ ಕವಿತೆ ವರದಿಯಾಗುವ ಅಪಾಯವಿದೆ. ಲಯ ಎಲ್ಲಿಂದ ಬರಬೇಕು? ಅದು ದಿನಾ ಬರೆದು, ಗಟ್ಟಿಯಾಗಿ ಓದಿ, ಹೊಡೆದುಹಾಕಿ ಬರಬೇಕು. ಸ್ಫೂರ್ತಿ ಇಲ್ಲದ ದಿನವೂ ಬರೆಯಿರಿ. ಕೈ ಪಳಗಿರದಿದ್ದರೆ ಎಂಥ ಕನಸು ಬಿದ್ದರೂ ಸಾಗರ, ಮೌನ ಅಂತ ಸಿದ್ಧ ಮಾತೇ ಮೊದಲು ಬಾಯಿಗೆ ಬರುತ್ತದೆ.

ನಸುಕು:
ಇಬ್ಬರ ಮಾತೂ ತಾಗಿತು. ಇನ್ನೊಂದು ಪ್ರಶ್ನೆ. ಬರೆದ ಮೇಲೆ ಅವನಿಗೆ ಓದಿಸಬೇಕಾ? ಆ ಕೊಡೆಗೆ ಏನರ್ಥ ಅಂತ ಕೇಳಿದರೆ ನನಗೇ ಗೊತ್ತಿಲ್ಲ.

ಒಳಗಿವಿ:
ಹಗಲುಬಾವಿ ಲಯದ ಬಗ್ಗೆ ಹೇಳಿದ್ದು ನಿಜ, ನಾನು ಆ ಕಡೆ ಹೋಗಲೇ ಇಲ್ಲ.

ಓದಿಸಿ. ಇಟಲಿಯ ಕವಿ ದಾಂತೆಗೂ 18ರ ವಯಸ್ಸಲ್ಲಿ ಹೀಗೇ ಒಂದು ಕನಸು ಬಿದ್ದಿತ್ತು. ಪ್ರೇಮದೇವತೆ, ದಾಂತೆ ಪ್ರೀತಿಸುತ್ತಿದ್ದ ಬಿಯಾಟ್ರಿಸಳನ್ನು ನಿದ್ದೆಯಲ್ಲಿರುವಾಗಲೇ ತೋಳಲ್ಲಿ ಹೊತ್ತು ಬರುತ್ತಾನೆ, ಅವಳನ್ನು ಎಬ್ಬಿಸಿ ದಾಂತೆಯದೇ ಉರಿಯುವ ಹೃದಯವನ್ನು ತಿನ್ನಿಸುತ್ತಾನೆ, ಆಮೇಲೆ ಅಳುತ್ತಾ ಹೊರಟುಹೋಗುತ್ತಾನೆ. ದಾಂತೆ ಅದನ್ನು ಸಾನೆಟ್ (ಹದಿನಾಲ್ಕು ಸಾಲಿನ ಕವಿತೆ) ಮಾಡಿ, ಅರ್ಥ ಹೇಳಿ ಅಂತ ಬೇರೆ ಕವಿಗಳಿಗೆ ಕಳಿಸಿದ. ಉತ್ತರಗಳು ಬಂದವು. ನಿಜವಾದ ಅರ್ಥ ಆಗ ಯಾರಿಗೂ ಹೊಳೆಯಲಿಲ್ಲ ಅಂತ ಮುಂದೆ ಅವನೇ ಬರೆದ. ಆದರೆ ಉತ್ತರ ಬರೆದವರಲ್ಲಿ ಒಬ್ಬನಾದ ಗೀದೊ ಕವಲ್ಕಾಂತಿ ಅಲ್ಲಿಂದಲೇ ಅವನ ಆಪ್ತ ಗೆಳೆಯನಾದ.

ಅವನು ಅರ್ಥ ಕೇಳಿದರೆ ಕನಸನ್ನು ಕಂಡ ಹಾಗೇ ಹೇಳಿ, ವಿವರಣೆ ಕೊಡಲು ಹೋಗಬೇಡಿ. ಅದಕ್ಕಿಂತ ಮೊದಲು, ನಿಮಗೆ ಎಚ್ಚರವಾದದ್ದನ್ನು ಕವಿತೆಯೊಳಗೆ ತರಬೇಕಾ ಬಿಡಬೇಕಾ ಅಂತ ಯೋಚಿಸಿ. ನಾನಾಗಿದ್ದರೆ ತರುತ್ತಿದ್ದೆ.